ಚರ್ಚು ಮತ್ತು ಪ್ರಭುತ್ವದ ನಡುವಿನ ‘ಗೋಡೆ’ ಅಮೆರಿಕದ ಸಂವಿಧಾನದ ಯಾವ ಭಾಗದಲ್ಲಿದೆ? ಅದನ್ನು ಬರೆದದ್ದು ಜೆಫರ್ಸನ್ನೇ?

ಯಾವ ಭಾಗದಲ್ಲೂ ಇಲ್ಲ. 1791ರ ಮೊದಲ ತಿದ್ದುಪಡಿಯಲ್ಲಿ ಧರ್ಮದ ಬಗ್ಗೆ ಇರುವುದು ಇಂಗ್ಲಿಷಿನ ಹದಿನಾರೇ ಪದ. ಅದರಲ್ಲಿ ಗೋಡೆಯ ಸುದ್ದಿಯಿಲ್ಲ. ಜೆಫರ್ಸನ್ ಆ ಮಾತು ಬರೆದದ್ದು ನಿಜ, ಆದರೆ ಅಧ್ಯಕ್ಷನಾಗಿದ್ದಾಗ ಬರೆದ ಒಂದು ಕಾಗದದಲ್ಲಿ: 1802ರ ಜನವರಿ 1ರಂದು, ಕನೆಕ್ಟಿಕಟ್ ರಾಜ್ಯದ ಡ್ಯಾನ್‌ಬರಿ ಬ್ಯಾಪ್ಟಿಸ್ಟರಿಗೆ, ಅಂದರೆ ಅಲ್ಲಿನ ಸರ್ಕಾರಿ ಚರ್ಚಿಗೆ ಸೇರದ ಒಂದು ಕ್ರೈಸ್ತ ಪಂಥದವರಿಗೆ. 1947ರಲ್ಲಿ ಸುಪ್ರೀಂ ಕೋರ್ಟ್ ತೀರ್ಪೊಂದು ಅದನ್ನು ಎತ್ತಿಕೊಂಡ ಮೇಲೆ ಸಂವಿಧಾನದ್ದೇ ಮಾತೆಂಬಂತೆ ಎಲ್ಲರ ಬಾಯಲ್ಲಿ ನಿಂತಿತು.

ಗೋಡೆಯ ಹೋಲಿಕೆ ಜೆಫರ್ಸನ್‌ನ ಕಾಗದಕ್ಕಿಂತ ಒಂದೂವರೆ ಶತಮಾನ ಹಳೆಯದು. ಮ್ಯಾಸಚೂಸೆಟ್ಸ್‌ನ ಪ್ಯೂರಿಟನ್ನರು (ಕಟ್ಟುನಿಟ್ಟಿನ ಪ್ರಾಟೆಸ್ಟಂಟರು) 1635ರಲ್ಲಿ ಗಡಿಪಾರು ಮಾಡಿದ, ಮರುವರ್ಷ ಪ್ರಾವಿಡೆನ್ಸ್ ಊರು ಕಟ್ಟಿದ ರೋಜರ್ ವಿಲಿಯಮ್ಸ್ 1644ರಲ್ಲೇ ಅದನ್ನು ಬಳಸಿದ್ದ. ಆತನಿಗೆ ಚರ್ಚು ಒಂದು ತೋಟ, ಲೋಕ ಕಾಡು. ನಡುವಿನ ಬೇಲಿ-ಗೋಡೆ ಒಡೆದರೆ ತೋಟವೂ ಕಾಡಾಗುತ್ತದೆ. ವಿದ್ಯಾರ್ಥಿಗಳು ಹೆಚ್ಚಾಗಿ ಎಡವುವುದು ಇಲ್ಲೇ. ವಿಲಿಯಮ್ಸ್ ಧರ್ಮದ ವಿಷಯದಲ್ಲಿ ಉದಾಸೀನನಲ್ಲ, ತನ್ನನ್ನು ಓಡಿಸಿದವರಿಗಿಂತಲೂ ಮಡಿವಂತ. ಆತನ ಗೋಡೆ ಕಾಪಾಡುವುದು ಚರ್ಚನ್ನು, ಅದೂ ಸರ್ಕಾರದ ಮೈಲಿಗೆಯಿಂದ.

ಹಾಗಾದರೆ ವ್ಯಕ್ತಿಗೆ ಎಷ್ಟು ಸ್ವಾತಂತ್ರ್ಯ? 1655ರಲ್ಲಿ ಪ್ರಾವಿಡೆನ್ಸ್ ಊರವರಿಗೆ ಬರೆದ ಪತ್ರದಲ್ಲಿ ಆತ ಹಡಗಿನ ಉದಾಹರಣೆ ಕೊಡುತ್ತಾನೆ. ಕ್ಯಾಥೊಲಿಕ್, ಪ್ರಾಟೆಸ್ಟಂಟ್, ಯಹೂದಿ, ತುರ್ಕಿ (ಅಂದರೆ ಮುಸ್ಲಿಂ) ಎಲ್ಲರೂ ಒಂದೇ ಹಡಗಿನಲ್ಲಿದ್ದಾರೆ. ಹಡಗಿನ ಪ್ರಾರ್ಥನೆಗೆ ಯಾರನ್ನೂ ಎಳೆತರಬಾರದು, ಅವರವರ ಪ್ರಾರ್ಥನೆಗೆ ಅಡ್ಡಿಪಡಿಸಲೂ ಬಾರದು. ಆದರೆ ಬಾಡಿಗೆ ಕೊಡುವುದಿಲ್ಲ, ಕ್ಯಾಪ್ಟನ್ ಮಾತು ಕೇಳುವುದಿಲ್ಲ ಎಂದವನಿಗೆ ಶಿಕ್ಷೆ ಉಂಟು. ಆ ಕಾಲದ ಬರಹಗಳಲ್ಲಿ ಇಷ್ಟು ಚೊಕ್ಕವಾಗಿ ಗೆರೆ ಎಳೆದದ್ದು ಅಪರೂಪ.

ಮುಂದಿನ ಶತಮಾನದಲ್ಲಿ, ಜೆಫರ್ಸನ್‌ನ ವರ್ಜೀನಿಯಾ ರಾಜ್ಯದಲ್ಲಿ ಜಗಳ ದುಡ್ಡಿನದು. ಕ್ರೈಸ್ತ ಬೋಧಕರಿಗಾಗಿ ತೆರಿಗೆ ಎತ್ತುವ ಅಲ್ಲಿನ ನಾಯಕ ಪ್ಯಾಟ್ರಿಕ್ ಹೆನ್ರಿಯ ಮಸೂದೆಗೆ ಎದುರಾಗಿ, ಮುಂದೆ ಅಧ್ಯಕ್ಷನಾದ ಮ್ಯಾಡಿಸನ್ 1785ರಲ್ಲಿ ಹದಿನೈದು ಅಂಶಗಳ ಮನವಿ ಬರೆದ. ಮೂರೇ ಪೆನ್ಸ್ ವಸೂಲಿ ಮಾಡಬಲ್ಲ ಸರ್ಕಾರ ನಾಳೆ ಯಾವ ಪಂಥವನ್ನಾದರೂ ಒಪ್ಪಿಕೊಳ್ಳುವಂತೆ ಬಲವಂತ ಮಾಡಬಲ್ಲದು ಎಂಬುದು ಆತನ ವಾದ. ಬ್ಯಾಪ್ಟಿಸ್ಟರೂ ಮನವಿಗಳ ರಾಶಿ ಹಾಕಿದರು. ಮಸೂದೆ ಬಿತ್ತು, 1777ರಲ್ಲಿ ಜೆಫರ್ಸನ್ ಕರಡು ಮಾಡಿಟ್ಟಿದ್ದ ಧಾರ್ಮಿಕ ಸ್ವಾತಂತ್ರ್ಯದ ಶಾಸನ 1786ರಲ್ಲಿ ಪಾಸಾಯಿತು.

ಇನ್ನೊಂದು ತೊಡಕು: ಮೊದಲ ತಿದ್ದುಪಡಿ ಆಗ ಕಟ್ಟಿಹಾಕಿದ್ದು ಕಾಂಗ್ರೆಸ್ಸನ್ನು (ಇಡೀ ದೇಶದ ಸಂಸತ್ತನ್ನು) ಮಾತ್ರ, ರಾಜ್ಯಗಳನ್ನಲ್ಲ. ಕನೆಕ್ಟಿಕಟ್‌ನಲ್ಲಿ ಸರ್ಕಾರಿ ಚರ್ಚು 1818ರವರೆಗೆ, ಮ್ಯಾಸಚೂಸೆಟ್ಸ್‌ನಲ್ಲಿ 1833ರವರೆಗೆ ಉಳಿಯಿತು. ಆದ್ದರಿಂದಲೇ ಡ್ಯಾನ್‌ಬರಿಯವರು 1801ರಲ್ಲಿ, ನಮಗಿರುವ ಧಾರ್ಮಿಕ ಸ್ವಾತಂತ್ರ್ಯ ಹಕ್ಕಾಗಿ ಅಲ್ಲ, ದಯಪಾಲಿಸಿದ ಉಪಕಾರವಾಗಿ ಸಿಕ್ಕಿದೆ ಎಂದು ಅಧ್ಯಕ್ಷರ ಮುಂದೆ ಗೋಳು ತೋಡಿಕೊಂಡರು. ಜೆಫರ್ಸನ್ ಒಳ್ಳೆಯ ಮಾತು ಬರೆದ. ಅವರ ರಾಜ್ಯದ ಕಾನೂನು ಬದಲಿಸುವ ಅಧಿಕಾರ ಆತನಿಗಿರಲಿಲ್ಲ.

ಓದಲು ಹೊರಟರೆ ಈ ಎರಡು ಪತ್ರಗಳನ್ನೂ ಒಟ್ಟಿಗೇ ಓದಿ, ಬ್ಯಾಪ್ಟಿಸ್ಟರದ್ದು ಮೊದಲು. ಎರಡೂ ಚಿಕ್ಕವು, ಅರ್ಧ ಗಂಟೆ ಸಾಕು. ಮ್ಯಾಡಿಸನ್ ಆಮೇಲೆ. ವಿಲಿಯಮ್ಸ್‌ನ ಗದ್ಯ ಮಾತ್ರ ಸಿಕ್ಕುಸಿಕ್ಕು, ಹಡಗಿನ ಪತ್ರದಿಂದ ಶುರುಮಾಡಿ.