ಕೊಟ್ಟ ಸನ್ಮಾನವನ್ನು ಬೇಡವೆಂದ ಆಟಗಾರ

ಓದುಗರ ಪತ್ರ: ಮಗನ ಮನೆಗೆಂದು ಮೆಲ್ಬರ್ನ್‌ಗೆ ಹೋಗಿಬಂದ ತುಮಕೂರಿನ ಓದುಗರೊಬ್ಬರು ಕೇಳಿದ್ದಾರೆ: "ಅಲ್ಲಿನದೇ ಬಗೆಯ ಫುಟ್‌ಬಾಲ್ (ನಮ್ಮ ಸಾಕರ್ ಅಲ್ಲ) ಆಡುತ್ತಿದ್ದ ಆಡಮ್ ಗುಡ್ಸ್ ಅವರ ಹೆಸರು ಅಲ್ಲಿ ಮತ್ತೆಮತ್ತೆ ಕೇಳಿಬಂತು. ಲೀಗ್ ಕ್ಷಮೆ ಕೇಳಿದ ಮೇಲೂ ಅವರು ಹಾಲ್ ಆಫ್ ಫೇಮ್ ಗೌರವವನ್ನು ನಿರಾಕರಿಸಿದರಂತೆ. ಹಿರಿಯರು ಕರೆದು ಕೊಟ್ಟದ್ದನ್ನು ಬೇಡವೆನ್ನುವುದು ಅಹಂಕಾರವಲ್ಲವೇ? ಪ್ರೇಕ್ಷಕರು ಅವರನ್ನು ಮೂದಲಿಸಿ ಕೂಗಿದ್ದು ಅವರ ಆಟ ಹಿಡಿಸದೆ ಎಂದೂ ಅಲ್ಲಿನವರು ಹೇಳುತ್ತಾರೆ."

ಸಂಪಾದಕರ ಉತ್ತರ:

ಮಾನ್ಯರೇ, ಒಂದು ಮಾತನ್ನು ಮೊದಲೇ ಒಪ್ಪುತ್ತೇನೆ. ಟಿಕೆಟ್ ಕೊಂಡು ಬಂದವನಿಗೆ ಎದುರಾಳಿ ತಂಡದವನನ್ನು ಕಂಡು ಕೂಗುವ ಸ್ವಾತಂತ್ರ್ಯವಿದೆ. ಗುಡ್ಸ್ ಫ್ರೀ ಕಿಕ್ ಗಿಟ್ಟಿಸಲು ಬೇಕೆಂದೇ ಬೀಳುತ್ತಾರೆ ಎಂಬ ಗೊಣಗಾಟವೂ ಅಲ್ಲಿ ಇದ್ದದ್ದು ನಿಜ. ಆದರೆ ಆ ಸಮಜಾಯಿಷಿಯನ್ನು ನಂಬುವ ಮೊದಲು ಬ್ರೌನ್‌ಲೋ ಪದಕದ ಕಡೆ ಒಮ್ಮೆ ನೋಡಿ. ಆ ಆಟದ ಅತ್ಯುನ್ನತ ವೈಯಕ್ತಿಕ ಗೌರವವಾದ ಇದನ್ನು ನಿರ್ಧರಿಸುವವರು ಆಟಗಾರರ ಜೊತೆಗೇ ಮೈದಾನದಲ್ಲಿ ಓಡುವ ಅಂಪೈರುಗಳು. ಪ್ರತಿ ಪಂದ್ಯ ಮುಗಿದ ಮೇಲೆ ಮೂವರು ಆಟಗಾರರಿಗೆ ಮೂರು, ಎರಡು, ಒಂದು ಎಂದು ಮತ ಹಾಕುತ್ತಾರೆ. ಅಶಿಸ್ತಿಗಾಗಿ ಆ ವರ್ಷ ಅಮಾನತಾದವನು ಎಷ್ಟೇ ಮತ ಗಳಿಸಿದರೂ ಪದಕಕ್ಕೆ ಅರ್ಹನಲ್ಲ. ಅದನ್ನು ಗುಡ್ಸ್ 2003ರಲ್ಲಿ ನೇಥನ್ ಬಕ್ಲಿ ಮತ್ತು ಮಾರ್ಕ್ ರಿಚ್ಚಿಯುಟೊ ಅವರೊಂದಿಗೆ ಹಂಚಿಕೊಂಡರು, 2006ರಲ್ಲಿ ಒಬ್ಬರೇ ಗೆದ್ದರು. ಕೈಯಳತೆಯಲ್ಲಿದ್ದು ನೋಡಿದ ಅಂಪೈರುಗಳಿಗೆ ಕಾಣದ ಕಪಟ ಗ್ಯಾಲರಿಯ ಮೇಲ್ಮೆಟ್ಟಿಲಲ್ಲಿ ಕೂತವರಿಗೆ ಕಂಡಿತೆಂದರೆ, ಅವರ ದೃಷ್ಟಿಯನ್ನು ಮೆಚ್ಚಲೇಬೇಕು!

1980ರಲ್ಲಿ ದಕ್ಷಿಣ ಆಸ್ಟ್ರೇಲಿಯದ ವಾಲರೂ ಎಂಬ ಊರಿನಲ್ಲಿ ಹುಟ್ಟಿದ ಗುಡ್ಸ್, ಅಲ್ಲಿನ ಮೂಲನಿವಾಸಿಗಳಾದ ಅಡ್ನ್ಯಮತನ ಮತ್ತು ನರುಂಗ ಜನಾಂಗಗಳಿಗೆ ಸೇರಿದವರು. ಮೂಲನಿವಾಸಿ ಮಕ್ಕಳನ್ನು ಸರ್ಕಾರವೇ ತಾಯ್ತಂದೆಯರಿಂದ ಕಿತ್ತೊಯ್ಯುತ್ತಿದ್ದ ಕಾಲದಲ್ಲಿ ಹಾಗೆ ಬೇರ್ಪಟ್ಟವರಲ್ಲಿ ಅವರ ತಾಯಿಯೂ ಒಬ್ಬರು. ಬಾಲ್ಯದಲ್ಲಿ ಸಾಕರ್ ಆಡುತ್ತಿದ್ದ ಹುಡುಗ ವಿಕ್ಟೋರಿಯ ರಾಜ್ಯಕ್ಕೆ ಬಂದ ಮೇಲೆ ಈ ಮೊಟ್ಟೆಯಾಕಾರದ ಚೆಂಡನ್ನು ಹಿಡಿದದ್ದು. ಕ್ಲಬ್ಬುಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ 1997ರ ಆಯ್ಕೆಯಲ್ಲಿ ನಲವತ್ತಮೂರನೆಯವರಾಗಿ ಸಿಡ್ನಿ ಸ್ವಾನ್ಸ್ ತಂಡ ಸೇರಿ, 1999ರಿಂದ 2015ರವರೆಗೆ 372 ಪಂದ್ಯ ಆಡಿ, 464 ಗೋಲು ಹೊಡೆದರು. ತಂಡ ಪ್ರಶಸ್ತಿ ಗೆದ್ದದ್ದು 2005ರಲ್ಲಿ ಮತ್ತು 2012ರಲ್ಲಿ. ಎರಡನೆಯ ಫೈನಲ್‌ ಅನ್ನು ಅವರು ಆಡಿ ಮುಗಿಸಿದ್ದು ಮೊಣಕಾಲಿನ ಅಸ್ಥಿರಜ್ಜು ಹರಿದುಕೊಂಡೇ.

ಇನ್ನು ನಿಮ್ಮ ಪ್ರಶ್ನೆಯ ಬುಡಕ್ಕೆ ಬರುತ್ತೇನೆ. 2013ರ ಮೇ 24ರ ರಾತ್ರಿ, ಮೂಲನಿವಾಸಿ ಆಟಗಾರರ ಗೌರವಾರ್ಥ ಮೀಸಲಾದ ಸುತ್ತಿನಲ್ಲೇ, ಮೆಲ್ಬರ್ನ್ ಕ್ರಿಕೆಟ್ ಮೈದಾನದಲ್ಲಿ ಕಾಲಿಂಗ್‌ವುಡ್ ವಿರುದ್ಧದ ಪಂದ್ಯ ಮುಗಿಯುತ್ತ ಬಂದಿತ್ತು. ಗೆರೆಯ ಪಕ್ಕದ ಪ್ರೇಕ್ಷಕರ ಸಾಲಿನಿಂದ ಯಾರೋ ಅವರನ್ನು ವಾನರನೆಂದು ಕರೆದರು. ಗುಡ್ಸ್ ತಿರುಗಿ ನಿಂತು, ಕೂಗಿದವರತ್ತ ಬೆರಳು ಮಾಡಿ ಕಾವಲು ಸಿಬ್ಬಂದಿಗೆ ತೋರಿಸಿದರು. ಕೂಗಿದ್ದು ಹದಿಮೂರು ವರ್ಷದ ಹುಡುಗಿ. ಮರುದಿನ ಅವರು, ತಪ್ಪು ಆ ಮಗುವಿನದಲ್ಲ, ಆಕೆಯನ್ನು ಯಾರೂ ಹಳಿಯಬಾರದು, ಆಕೆಗೆ ಆಸರೆ ಬೇಕು ಎಂಬ ಅರ್ಥದ ಮಾತಾಡಿದರು. ಇದು ನಿಮಗೆ ಅಹಂಕಾರದ ಮಾತಾಗಿ ಕೇಳಿಸುತ್ತದೆಯೇ? ಕೆಲವೇ ದಿನಗಳಲ್ಲಿ ಕಾಲಿಂಗ್‌ವುಡ್ ಕ್ಲಬ್ಬಿನ ಅಧ್ಯಕ್ಷರೇ ರೇಡಿಯೋದಲ್ಲಿ ಗುಡ್ಸ್ ಅವರನ್ನು ದೈತ್ಯ ವಾನರನ ಕಥೆಯಾದ ಕಿಂಗ್ ಕಾಂಗ್ ಸಂಗೀತ ನಾಟಕದ ಪ್ರಚಾರಕ್ಕೆ ಜೋಡಿಸಿ ಮಾತಾಡಿ, ಆಮೇಲೆ ಕ್ಷಮೆ ಕೇಳಿದರು. ಹುಡುಗಿಗಿಂತ ಎಷ್ಟೋ ಹಿರಿಯರು, ನೋಡಿ.

2014ರಲ್ಲಿ ದೇಶವೇ ಅವರನ್ನು ವರ್ಷದ ಆಸ್ಟ್ರೇಲಿಯನ್ ಎಂದು ಗೌರವಿಸಿತು. ಆ ಗೌರವವನ್ನು ಅವರು ಒಪ್ಪಿಕೊಂಡರು ಎಂಬುದನ್ನು ದಯವಿಟ್ಟು ಗಮನಿಸಿ. ಒಪ್ಪಿಕೊಂಡು, ಆ ವೇದಿಕೆಯಿಂದ ಜನಾಂಗಭೇದದ ಬಗ್ಗೆ ಮಾತಾಡಿದರು. ಕೂಗಾಟ ಹೆಚ್ಚಿದ್ದು ಆಮೇಲೆಯೇ. 2015ರ ಮೇ ತಿಂಗಳಲ್ಲಿ ಕಾರ್ಲ್‌ಟನ್ ವಿರುದ್ಧ ಗೋಲು ಹೊಡೆದು, ಮೂಲನಿವಾಸಿ ಕಿರಿಯರ ತಂಡದ ಹುಡುಗರಿಂದ ಕಲಿತ ಯುದ್ಧನೃತ್ಯದ ನಾಲ್ಕು ಹೆಜ್ಜೆ ಹಾಕಿ, ಕೈಯಲ್ಲಿಲ್ಲದ ಭರ್ಜಿಯೊಂದನ್ನು ಎಸೆಯುವಂತೆ ಅಭಿನಯಿಸಿದ್ದೇ ದೊಡ್ಡ ಅಪರಾಧವಾಯಿತು. ಅನಂತರ ಅವರು ಚೆಂಡು ಮುಟ್ಟಿದಾಗಲೆಲ್ಲ ಕೂಗಾಟ. ಜುಲೈ ಕೊನೆಯಲ್ಲಿ ಪರ್ತ್‌ನ ಪಂದ್ಯವಾದ ಮೇಲೆ ಅವರು ಬಿಡುವು ತೆಗೆದುಕೊಂಡರು. ಅವರಿಲ್ಲದ ಮುಂದಿನ ಪಂದ್ಯದಲ್ಲಿ, ಅವರ ಅಂಗಿಯ ಸಂಖ್ಯೆ 37 ಆದ್ದರಿಂದ, ಮೂರನೆಯ ಕ್ವಾರ್ಟರಿನ ಏಳನೆಯ ನಿಮಿಷಕ್ಕೆ ಸರಿಯಾಗಿ ಸಿಡ್ನಿ ಕ್ರಿಕೆಟ್ ಮೈದಾನದ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. (2021ರ ಜನವರಿಯಲ್ಲಿ ನಮ್ಮ ಮೊಹಮ್ಮದ್ ಸಿರಾಜ್ ಪ್ರೇಕ್ಷಕರ ನಿಂದನೆಯ ಬಗ್ಗೆ ಅಂಪೈರಿಗೆ ದೂರಿ, ಆಟ ನಿಂತದ್ದೂ ಅದೇ ಮೈದಾನದಲ್ಲಿ.) ಗುಡ್ಸ್ ಮರಳಿ ಬಂದರಾದರೂ ಸೆಪ್ಟೆಂಬರಿನಲ್ಲಿ ನಿವೃತ್ತರಾದರು. ಫೈನಲ್ ದಿನ ನಿವೃತ್ತರನ್ನು ಮೈದಾನದ ಸುತ್ತ ಮೆರೆಸುವ ವಾಡಿಕೆಯಿದೆ; ಅದಕ್ಕೂ ಅವರು ಹೋಗಲಿಲ್ಲ.

ಲೀಗ್ ಮತ್ತು ಹದಿನೆಂಟು ಕ್ಲಬ್ಬುಗಳು ಒಟ್ಟಾಗಿ ಬೇಷರತ್ ಕ್ಷಮೆ ಕೇಳಿದ್ದು 2019ರಲ್ಲಿ, ಆ ಕೂಗಾಟದ ಮೇಲೆ ತಯಾರಾದ ಸಾಕ್ಷ್ಯಚಿತ್ರ ಮೊದಲ ಬಾರಿ ತೆರೆ ಕಾಣುವ ಹೊತ್ತಿಗೆ. ಹಾಲ್ ಆಫ್ ಫೇಮ್ ಗೌರವವನ್ನು ಅವರು ಬೇಡವೆಂದ ಸುದ್ದಿ ಹೊರಬಿದ್ದದ್ದು 2021ರಲ್ಲಿ. ಕೂಗಾಟ ನಡೆಯುತ್ತಿದ್ದ ವಾರಗಳಲ್ಲಿ ಗಟ್ಟಿಯಾಗಿ ಬಾಯಿಬಿಡಬೇಕಿದ್ದ ಸಂಸ್ಥೆ, ಆಟಗಾರ ಮೈದಾನ ಬಿಟ್ಟು ವರ್ಷಗಳಾದ ಮೇಲೆ ಬಾಗಿಲು ತೆರೆದರೆ, ಅವರು ಒಳಗೆ ಹೋಗಲೇಬೇಕೆಂಬ ಕಟ್ಟುಪಾಡು ಎಲ್ಲಿದೆ? ಸನ್ಮಾನದಿಂದ ಸನ್ಮಾನಿತನಿಗಾಗುವ ಲಾಭಕ್ಕಿಂತ ಸನ್ಮಾನಿಸುವವರ ಹೊರೆ ಇಳಿಯುವುದೇ ಹೆಚ್ಚು ಎಂದು ನಾನು ಈ ಅಂಕಣದಲ್ಲಿ ಹಿಂದೆಯೂ ಬರೆದು ಬೈಸಿಕೊಂಡಿದ್ದೇನೆ.

ನಮ್ಮಲ್ಲೇನು ಕಡಿಮೆಯೇ? ಆಡುವ ವಯಸ್ಸಿನಲ್ಲಿ ಬಸ್ ಚಾರ್ಜಿಗೂ ಅಲೆದಾಡಿಸಿ, ಮೊಣಕಾಲು ಹೋದ ಮೇಲೆ ಶಾಲು, ಪೇಟ, ಹಣ್ಣಿನ ಬುಟ್ಟಿ ಹಿಡಿದು ಬರುವ ಸಂಘಗಳಿಗೆ ಬರವಿಲ್ಲ. ನಾನು ಕಂಡ ಒಂದು ಸಮಾರಂಭದಲ್ಲಿ, ಹಳೆಯ ಕಬಡ್ಡಿ ಆಟಗಾರರೊಬ್ಬರನ್ನು ಮಂತ್ರಿಗಳು ಬರುವವರೆಗೆ ಮಧ್ಯಾಹ್ನವಿಡೀ ವೇದಿಕೆಯ ಮೇಲೆ ಕಾಯಿಸಿ, ಅವರು ಮೈಕಿನ ಮುಂದೆ ಬಾಯಿ ತೆರೆದೊಡನೆ "ಎರಡು ನಿಮಿಷ" ಎಂಬ ಚೀಟಿ ಕಳಿಸಿದರು. ಅವರು ಚೀಟಿಯನ್ನು ಮಡಚಿ ಜೇಬಿಗಿಟ್ಟುಕೊಂಡು ಇಪ್ಪತ್ತು ನಿಮಿಷ ಮಾತಾಡಿದರು. ನನಗೆ ಬಹಳ ಸಂತೋಷವಾಯಿತು.

ನೀವು ಸೌಜನ್ಯವನ್ನು ಬಲ್ಲವರು, ಪತ್ರದ ಅಕ್ಷರವೇ ಅದನ್ನು ಹೇಳುತ್ತದೆ. ಆದರೆ ಸೌಜನ್ಯದ ಲೆಕ್ಕವನ್ನು ನೋವುಂಡವರಿಂದ ಮಾತ್ರ ಕೇಳುವುದು ನಿಮ್ಮಂಥವರಿಗೆ ಒಪ್ಪುವುದಿಲ್ಲ. ಗುಡ್ಸ್ ಯಾರನ್ನೂ ಬಯ್ಯುತ್ತ ಊರೂರು ತಿರುಗುತ್ತಿಲ್ಲ. ತಂಡದ ಜೊತೆಗಾರ ಮೈಕಲ್ ಓಲಾಕ್ಲಿನ್ ಜೊತೆಗೂಡಿ 2009ರಲ್ಲೇ ಕಟ್ಟಿದ ಪ್ರತಿಷ್ಠಾನ ಮೂಲನಿವಾಸಿ ವಿದ್ಯಾರ್ಥಿಗಳಿಗೆ ವಿದ್ಯಾರ್ಥಿವೇತನ ಕೊಡುತ್ತ ಬಂದಿದೆ. ಮುಂದಿನ ಸಲ ಮಗನ ಮನೆಗೆ ಹೋದಾಗ, ಗುಡ್ಸ್ ಆಟ ಹಿಡಿಸಲಿಲ್ಲ ಎಂದವರನ್ನು 2005ರಲ್ಲೂ ಅವರು ಹೀಗೇ ಕೂಗುತ್ತಿದ್ದರೇ ಎಂದು ಕೇಳಿ, ಏನೆಂದರೆಂದು ನನಗೆ ಬರೆಯಿರಿ, ಅದನ್ನೂ ಪ್ರಕಟಿಸುತ್ತೇನೆ.