ಸ್ಟೋಕ್ ಪೋಜಸ್ ಚರ್ಚಿನ ಕಾರ್ಡು: ಸ್ಟ್ಯಾಂಪ್ ಮಾತ್ರ ಕೀಳಬೇಡಿ ಮೇಡಂ

ಮೇಡಂ, ಹಳೆಯ ಚಿತ್ರದ ಅಂಚೆ ಕಾರ್ಡೊಂದರ ಫೋಟೋ ಹಾಕಿ, ಅದರ ಸ್ಟ್ಯಾಂಪನ್ನು ನೀರಲ್ಲಿ ನೆನೆಸಿ ಬಿಡಿಸಿ ಬೇರೆ ಮಾರೋಣ ಅಂತ ಬರೆದಿದ್ದೀರಲ್ಲ, ದಯವಿಟ್ಟು ಅದೊಂದನ್ನು ಮಾಡಬೇಡಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ನಿಮ್ಮ ಫೋಟೋ ನೋಡಿ ನಾನು ಗುರುತು ಹಾಕಿಕೊಂಡದ್ದು ಇಷ್ಟು. ಕೋಲಾರದ ಚಿನ್ನದ ಗಣಿ ಆಫೀಸಿನಲ್ಲಿ ಗುಮಾಸ್ತರಾಗಿದ್ದ ನಿಮ್ಮ ತಾತನ ಟ್ರಂಕಿನಲ್ಲಿ ಸಿಕ್ಕಿದ ಕಾರ್ಡು. ಮುಂದೆ ಬಣ್ಣದಲ್ಲಿ ಸ್ಟೋಕ್ ಪೋಜಸ್ ಎಂಬ ಹಳ್ಳಿಯ ಚರ್ಚು. ಹಿಂದೆ ಕೋಲಾರ ಚಿನ್ನದ ಗಣಿಯ (ಕೆಜಿಎಫ್) ಚಾಂಪಿಯನ್ ರೀಫ್ ವಿಳಾಸ, ಒಂದು ಪೆನ್ನಿಯ ಕೆಂಪು ಸ್ಟ್ಯಾಂಪ್, ಸ್ಲೌ ಊರಿನ ಠಸ್ಸೆ. ಇಸವಿಯ ಎರಡು ಅಂಕಿಗಳಲ್ಲಿ ಮೊದಲನೆಯ ಸೊನ್ನೆ ಮಾತ್ರ ಕಾಣುತ್ತದೆ, ಎರಡನೆಯದು ಅಳಿಸಿಹೋಗಿದೆ.

ಮೇಲಿನ ಕಾಮೆಂಟಿನಲ್ಲಿ ಒಬ್ಬರು "ಒಂದು ಪೆನ್ನಿ ಅಂದ್ರೆ 1918ರ ನಂತರದ್ದು" ಅಂದಿದ್ದಾರೆ. ಅವರ ಲೆಕ್ಕ ಇಂಗ್ಲೆಂಡಿನ ಒಳಗಿನ ಅಂಚೆಗೆ ಸರಿ. ಅಲ್ಲಿ 1870ರಲ್ಲಿ ಕಾರ್ಡು ಶುರುವಾದಾಗಿನಿಂದ 1918ರ ಜೂನ್‌ವರೆಗೆ ಅರ್ಧ ಪೆನ್ನಿಯೇ ಇತ್ತು. ಆಮೇಲೆ ಒಂದು ಪೆನ್ನಿ ಆಯಿತು. ಆದರೆ ನಿಮ್ಮ ಕಾರ್ಡು ಸಮುದ್ರ ದಾಟಿ ಬಂದದ್ದು. ಹೊರದೇಶಕ್ಕೆ ಹೋಗುವ ಕಾರ್ಡಿಗೆ ಅದಕ್ಕೂ ಎಷ್ಟೋ ಮೊದಲಿನಿಂದ ಒಂದು ಪೆನ್ನಿ ಹಚ್ಚಬೇಕಿತ್ತು. ಇಂಗ್ಲೆಂಡಿನವರು ಬರೆದ ಪುಸ್ತಕ ಇಟ್ಟುಕೊಂಡು ಇಲ್ಲಿ ಸಿಕ್ಕ ಕಾರ್ಡಿನ ವಯಸ್ಸು ನೋಡಿದರೆ ಹೀಗೆ ಎಡವುತ್ತೇವೆ. ನಾನೂ ಎಡವಿದ್ದೇನೆ.

ಸ್ಟ್ಯಾಂಪಿನಲ್ಲಿರುವ ತಲೆ ನೋಡಿ. ಗಡ್ಡ ಇದೆ, ಮುಂದೆಲ್ಲ ಬೋಳು. ಅದು ಏಳನೇ ಎಡ್ವರ್ಡ್. ಅವರ ಮಗ ಐದನೇ ಜಾರ್ಜ್‌ಗೂ ಗಡ್ಡ ಇದೆ, ಆದರೆ ತಲೆ ತುಂಬ ಕೂದಲು, ನೀಟಾದ ಬೈತಲೆ. ಎಡ್ವರ್ಡ್ ಸ್ಟ್ಯಾಂಪ್ ಬಂದದ್ದು 1902ರ ಜನವರಿ 1ರಂದು. ಠಸ್ಸೆಯಲ್ಲಿ ಸೊನ್ನೆ ಇದೆ ಅಂದಮೇಲೆ 1909 ದಾಟುವುದಿಲ್ಲ. ಇನ್ನೊಂದು ಸಾಕ್ಷಿ ಕಾರ್ಡಿನ ಬೆನ್ನಲ್ಲೇ ಇದೆ. ನಡುವೆ ಗೆರೆ ಎಳೆದು ಎಡಕ್ಕೆ ಒಕ್ಕಣೆ, ಬಲಕ್ಕೆ ವಿಳಾಸ ಬರೆಯಲು ಬ್ರಿಟನ್‌ನಲ್ಲಿ ಬಿಟ್ಟದ್ದೂ 1902ರಲ್ಲೇ. ಅದಕ್ಕೂ ಮೊದಲು ಹಿಂಬದಿ ಪೂರ್ತಿ ವಿಳಾಸಕ್ಕೆ ಮೀಸಲು. ಹೇಳಬೇಕಾದ್ದನ್ನು ಚಿತ್ರದ ಅಂಚಿನಲ್ಲಿ ಒತ್ತೊತ್ತಾಗಿ ಗೀಚಬೇಕಿತ್ತು. ಹಾಗಾಗಿ ನಿಮ್ಮದು 1902ರಿಂದ 1909ರ ಒಳಗಿನದು. ಇದರಲ್ಲಿ ನನಗೆ ಅನುಮಾನವಿಲ್ಲ.

ಇನ್ನು ಚರ್ಚು. ಸ್ಟೋಕ್ ಪೋಜಸ್ ಇರುವುದು ಬಕಿಂಗ್‌ಹ್ಯಾಮ್‌ಶೈರ್‌ನಲ್ಲಿ, ಸ್ಲೌ ಪಕ್ಕ. ಊರು ಸಣ್ಣದು, ಕಾರ್ಡುಗಳು ಮಾತ್ರ ರಾಶಿ ರಾಶಿ. ಕಾರಣ ಕವಿ ಥಾಮಸ್ ಗ್ರೇ. 1751ರಲ್ಲಿ ಅಚ್ಚಾದ ಅವರ ಹೆಸರಾಂತ ಶೋಕಗೀತೆಯಲ್ಲಿ ಬರುವ ಹಳ್ಳಿಯ ಸ್ಮಶಾನ ಇದೇ ಅಂತ ಜನ ನಂಬಿಕೊಂಡು ಬಂದರು. ಕವಿ 1771ರಲ್ಲಿ ತೀರಿಕೊಂಡಾಗ ಅಲ್ಲೇ, ಅಮ್ಮನ ಸಮಾಧಿಯಲ್ಲೇ ಹೂತರು. ನಮ್ಮಲ್ಲೂ ಹಿಂದಿನ ತಲೆಮಾರಿನವರು ಕಾಲೇಜಿನಲ್ಲಿ ಆ ಪದ್ಯ ಬಾಯಿಪಾಠ ಮಾಡಿದವರೇ. ಮನೆಯಲ್ಲಿ ದೊಡ್ಡವರಿದ್ದರೆ ಕೇಳಿ ನೋಡಿ, ನಾಲ್ಕು ಸಾಲಾದರೂ ಹೇಳುತ್ತಾರೆ. ಆ ಚರ್ಚು ನೋಡಲು ಬಂದವರೆಲ್ಲ ಕಾರ್ಡು ಕೊಂಡರು. ಫ್ರಿತ್, ವ್ಯಾಲೆಂಟೈನ್, ಟಕ್ ಥರದ ದೊಡ್ಡ ಕಂಪನಿಗಳಿಗೆ ಅದೊಂದು ಒಳ್ಳೆ ವ್ಯಾಪಾರ.

ನಿಮ್ಮ ಚಿತ್ರದಲ್ಲಿ ಗೋಪುರದ ಮೇಲೆ ಚೂಪಾದ ಮರದ ಶಿಖರ ಇದೆ, ಗಮನಿಸಿದಿರಾ? ಈಗ ಹೋದರೆ ಅದು ಕಾಣುವುದಿಲ್ಲ. 1924ರಲ್ಲಿ ಇಳಿಸಿಬಿಟ್ಟರು. ಈ ಚರ್ಚಿನ ಕಾರ್ಡು ಕೂಡಿಸುವವರು ಮೊದಲು ನೋಡುವುದೇ ಅದನ್ನು. ಆದರೆ ಅದೊಂದನ್ನೇ ನಂಬಬೇಡಿ. ಕಂಪನಿಗಳು ಒಂದೇ ಹಳೆಯ ಚಿತ್ರವನ್ನು ವರ್ಷಗಟ್ಟಲೆ ಮತ್ತೆ ಮತ್ತೆ ಅಚ್ಚು ಹಾಕುತ್ತಿದ್ದವು. ಶಿಖರ ಇದ್ದರೆ ಚಿತ್ರ ತೆಗೆದದ್ದು 1924ಕ್ಕೆ ಮೊದಲು ಅಂತ ಗೊತ್ತಾಗುತ್ತದೆ. ಕಾರ್ಡು ಯಾವಾಗ ಅಂಚೆಗೆ ಬಿತ್ತು ಅನ್ನುವುದಕ್ಕೆ ಬೆನ್ನನ್ನೇ ಕೇಳಬೇಕು.

ಇದು ಅಸಲಿ ಫೋಟೋನಾ ಅಂತ ಕೇಳಿದ್ದೀರಿ. ಭೂತಗನ್ನಡಿ ಇಟ್ಟು ಆಕಾಶದ ಭಾಗ ನೋಡಿ. ಸಾಲಾಗಿ ಸಣ್ಣ ಚುಕ್ಕೆಗಳು ಕಂಡರೆ ಅದು ಅಚ್ಚಿನದು. ಬಣ್ಣದ ಕಾರ್ಡು ಹೆಚ್ಚಾಗಿ ಅಚ್ಚಿನದೇ, ಎಷ್ಟೋ ಜರ್ಮನಿಯಲ್ಲಿ ಅಚ್ಚಾಗಿ ಬರುತ್ತಿದ್ದವು. ಅಸಲಿ ಫೋಟೋ ಕಾರ್ಡಿನಲ್ಲಿ ಚುಕ್ಕೆ ಇರುವುದಿಲ್ಲ. ಹಳೆಯದಾದಂತೆ ಕಪ್ಪು ಭಾಗಗಳಲ್ಲಿ, ಅಂಚಿನಲ್ಲಿ ಬೆಳ್ಳಿಯ ಹೊಳಪು ಏಳುತ್ತದೆ. ಈಚಿನ ನಕಲು ಇರಬಹುದಾ ಅಂತ ಅನುಮಾನ ಬಂದರೆ ನೋಟು ನೋಡುವ ಯುವಿ ಟಾರ್ಚು ಕತ್ತಲಲ್ಲಿ ಹಿಡಿಯಿರಿ. ಈಗಿನ ಕಾಗದ ನೀಲಿ-ಬಿಳುಪಾಗಿ ಝಗ್ ಅನ್ನುತ್ತದೆ, ಆ ಕಾಲದ್ದು ಮಂಕಾಗಿಯೇ ಇರುತ್ತದೆ.

ಬೆಲೆ ವಿಷಯಕ್ಕೆ ಬರೋಣ. ಮುಂಬದಿಗೆ ಜಾಸ್ತಿ ಬೆಲೆ ಇಲ್ಲ ಮೇಡಂ. ಇಂಗ್ಲೆಂಡಿನ ಹಳೆ ಸಾಮಾನಿನ ಮೇಳಗಳಲ್ಲಿ ಈ ಚರ್ಚಿನ ಕಾರ್ಡು ಒಂದೆರಡು ಪೌಂಡಿಗೆ ಡಬ್ಬಿಯಲ್ಲಿ ಬಿದ್ದಿರುತ್ತದೆ. ಸ್ಟ್ಯಾಂಪೂ ಹಾಗೇ. ಎಡ್ವರ್ಡ್‌ನ ಒಂದು ಪೆನ್ನಿ ಲೆಕ್ಕವಿಲ್ಲದಷ್ಟು ಅಚ್ಚಾಗಿದೆ, ಬಿಡಿಸಿದರೆ ಕೈಗೆ ಚಿಲ್ಲರೆಯೂ ಬರುವುದಿಲ್ಲ. ಬೆಲೆ ಇರುವುದು ಬೆನ್ನಿಗೆ: ಸ್ಲೌ ಠಸ್ಸೆ, ಹೊರದೇಶದ ದರದ ಸ್ಟ್ಯಾಂಪ್, ಚಾಂಪಿಯನ್ ರೀಫ್ ವಿಳಾಸ, ಮೂರೂ ಒಂದೇ ಕಾರ್ಡಿನ ಮೇಲೆ. ಒಂದನ್ನು ಕಿತ್ತರೆ ಉಳಿದೆರಡೂ ಹಾಳು. ಕೆಜಿಎಫ್ ಅಂಚೆ ಕೂಡಿಸುವವರು ಕರ್ನಾಟಕದಲ್ಲೇ ಇದ್ದಾರೆ. ಮುನ್ನೂರು ರೂಪಾಯಿಗೆ ಕೇಳಿದವರಿಗೆ ಸುಮ್ನೆ ಕೊಟ್ಟುಬಿಡಬೇಡಿ. ನಾನಾಗಿದ್ದರೆ ಮಾರುತ್ತಲೇ ಇರಲಿಲ್ಲ. ಶಿವನಸಮುದ್ರದ ಕರೆಂಟು 1902ರಲ್ಲಿ ಗಣಿಗೆ ಬಂದ ಹೊಸತರಲ್ಲಿ, ಎರಡು ವಾರಕ್ಕೂ ಜಾಸ್ತಿ ಹಡಗು, ರೈಲು ಹತ್ತಿಳಿದು ಬಂದ ಕಾರ್ಡು ಅದು.

ವಿಳಾಸದಲ್ಲಿರುವ ಹೆಸರನ್ನು ಫಿಬಿಸ್‌ನ ಜಾಲತಾಣದಲ್ಲಿ ಹುಡುಕಿ. ಬ್ರಿಟಿಷ್ ಇಂಡಿಯಾದಲ್ಲಿದ್ದ ಕುಟುಂಬಗಳ ದಾಖಲೆ ಕಲೆಹಾಕುವ ಸಂಘ ಅದು, ಹುಡುಕಾಟಕ್ಕೆ ದುಡ್ಡಿಲ್ಲ. ಸ್ಟ್ಯಾಂಪ್ ವಾಲಿಸಿ ಹಚ್ಚಿದ್ದಕ್ಕೆ ಪ್ರೇಮಸಂದೇಶ ಇರಬಹುದಾ ಅಂತ ಇನ್ನೊಬ್ಬರು ಕೇಳಿದ್ದಾರೆ. ಆ ಕಾಲದಲ್ಲಿ ಅಂಥ ಆಟ ಇತ್ತು ನಿಜ. ಅವಸರದಲ್ಲಿ ಸೊಟ್ಟಗೆ ಅಂಟಿಸಿದವರೂ ಇದ್ದರಲ್ವಾ!

ಲ್ಯಾಮಿನೇಷನ್ ಬೇಡವೇ ಬೇಡ. ಬಿಸಿಗೆ ಅಂಟಿದ್ದು ಮತ್ತೆ ಬಿಡುವುದಿಲ್ಲ. ಸೆಲ್ಲೋಟೇಪೂ ಬೇಡ. ನಾನು ಮೊದಲು ಅಗ್ಗದ ಪಿವಿಸಿ ಆಲ್ಬಂನಲ್ಲಿ ಇಟ್ಟಿದ್ದೆ. ನಮ್ಮ ಸಾಗರ ಊರಿನ ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಪ್ಲಾಸ್ಟಿಕ್ ಬೆವತು, ಏಳು ಕಾರ್ಡುಗಳ ಮೈ ಅದಕ್ಕೇ ಅಂಟಿಕೊಂಡಿತು. ಈಗ ಪಾಲಿಪ್ರೊಪಿಲೀನ್ ಕವರು ಬಳಸುತ್ತೇನೆ. ಒಂದೊಂದು ಕಾರ್ಡಿಗೆ ಒಂದೊಂದು ಕವರು, ನಿಲ್ಲಿಸಿ ಡಬ್ಬಿಯಲ್ಲಿ ಇಡುತ್ತೇನೆ, ಜೊತೆಗೆ ಸಿಲಿಕಾ ಜೆಲ್ ಪೊಟ್ಟಣ. ಮಳೆಗಾಲ ಮುಗಿದ ಮೇಲೆ ಒಮ್ಮೆ ತೆಗೆದು ನೆರಳಲ್ಲಿ ಗಾಳಿಗೆ ಹರಡಿ. ಬಿಸಿಲಿಗಿಟ್ಟರೆ ಬಣ್ಣ ಹೋಗುತ್ತದೆ. ಬೂಷ್ಟು ಕಂಡರೆ ಒದ್ದೆ ಬಟ್ಟೆ ಹಾಕಬೇಡಿ. ಪೂರ್ತಿ ಒಣಗಿದ ಮೇಲೆ ಮೆತ್ತನೆ ಬ್ರಷ್ಷಿನಲ್ಲಿ ಹೊರಗಡೆ ಜಾಡಿಸಿ.

ಅಳಿಸಿದ ಅಂಕಿಗೆ ಒಂದು ದಾರಿ ಇದೆ. ಇಲ್ಲಿ ತಲುಪಿದಾಗ ನಮ್ಮ ಅಂಚೆಯವರೂ ಠಸ್ಸೆ ಒತ್ತುತ್ತಿದ್ದರು. ಅದು ಚಿತ್ರದ ಮೇಲೂ ಬಿದ್ದಿರಬಹುದು. ಕೋಣೆ ಕತ್ತಲು ಮಾಡಿ, ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದು ಎರಡೂ ಬದಿಯ ಫೋಟೋ ತೆಗೆದು ಹಾಕಿ. ಆಕಾಶದ ಎಡಮೂಲೆಯಲ್ಲಿ ಅರ್ಧ ವೃತ್ತದ ಹಾಗೆ ಏನೋ ಇದೆ. ನನಗೆ ಅದರ ಮೇಲೇ ಕಣ್ಣು.