ಸೆಟ್‌ಟಾಪ್ ಬಾಕ್ಸಿನಿಂದ ಆಂಪ್ಲಿಫೈಯರ್‌ಗೆ ಶೀಲ್ಡ್ (ಒಳತಂತಿಯ ಸುತ್ತ ಲೋಹದ ಹೊದಿಕೆ) ಇರುವ ಕೇಬಲ್ ಹಾಕಿದರೆ ಗುಂಯ್ ಶಬ್ದ ಹೋಗುತ್ತದಾ? ಅಥವಾ ಮಾಮೂಲಿ ವೈರು ಸಾಕಾ?

ಎರಡನ್ನೂ ಈಗಲೇ ಕೊಳ್ಳಬೇಡಿ. ನಾನು ಮೂರು ಕೊಂಡವನು.

ಅಪ್ಪನ ಕಾಲದ ಆಂಪ್ಲಿಫೈಯರ್‌ಗೆ ಸೆಟ್‌ಟಾಪ್ ಬಾಕ್ಸಿನಿಂದ ಆರ್‌ಸಿಎ ಕೇಬಲ್ (ಕೆಂಪು-ಬಿಳಿ ಪ್ಲಗ್ಗಿನ ಆಡಿಯೋ ವೈರು) ಎಳೆದ ದಿನವೇ ಗುಂಯ್ ಶುರುವಾಗಿತ್ತು. ಲೋಕಲ್ ವೈರು, ಶೀಲ್ಡ್ ಸರಿಯಿಲ್ಲ ಅಂತ ನಾನೇ ತೀರ್ಮಾನಿಸಿ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಸಂತೆ ಎಸ್.ಪಿ. ರೋಡಿಗೆ ಹೋದೆ. ಮೊದಲು ತಾಮ್ರದ ಜಾಲರಿಯದು, ಆಮೇಲೆ ಫಾಯಿಲ್ ಜೊತೆ ಜಾಲರಿಯೂ ಇದ್ದದ್ದು, ಕೊನೆಗೆ ಹೆಬ್ಬೆರಳು ದಪ್ಪದ್ದು. ಮೂರು ಸಾವಿರ ಕೈಬಿಟ್ಟಿತು, ಗುಂಯ್ ಜಗ್ಗಲಿಲ್ಲ. ಹೆಂಡತಿ ಅದಕ್ಕೆ ಜೇನುಗೂಡು ಅಂತ ಹೆಸರಿಟ್ಟಳು.

ಒಂದು ಭಾನುವಾರ ಚಾನೆಲ್ ಸರಿಮಾಡಲು ಕೇಬಲ್ ಹುಡುಗ ಬಂದ. ಬಾಕ್ಸಿನ ಹಿಂದಿನ ಕರಿ ಕೇಬಲ್ ತಿರುಗಿಸಿ ಬಿಚ್ಚಿದ. ಜೇನುಗೂಡು ಬಾಯಿ ಮುಚ್ಚಿತು! ಸಿಕ್ಕಿಸಿದ, ಮತ್ತೆ ಶುರು. “ಇನ್ನೊಂದ್ಸಲ ಬಿಚ್ಚಪ್ಪ” ಅಂತ ನಾಲ್ಕು ಸಲ ಬಿಚ್ಚಿಸಿದೆ. ಇವರಿಗೇನಾಗಿದೆ ಅನ್ನೋ ಹಾಗೆ ಮುಖ ನೋಡಿದ.

ನನ್ನ ತಪ್ಪು ಇಷ್ಟೇ: ಗುಂಯ್ ಗಾಳಿಯಿಂದ ಕೇಬಲ್ಲಿಗೆ ಬರುತ್ತಿದೆ ಅಂದುಕೊಂಡಿದ್ದೆ. ಅದು ಬರುತ್ತಿದ್ದದ್ದು ನೆಲದಿಂದ. ಆ ಕರಿ ಕೇಬಲ್ಲಿನ ಹೊರ ಜಾಲರಿಗೆ ಬೀದಿಯಲ್ಲೆಲ್ಲೋ ಒಂದು ಅರ್ತ್, ನನ್ನ ಆಂಪ್ಲಿಫೈಯರ್‌ಗೆ ಮೂರು ಪಿನ್ನಿನ ಪ್ಲಗ್ಗಿನಿಂದ ಇನ್ನೊಂದು. ಎರಡರ ವೋಲ್ಟೇಜು ಒಂದೇ ಇರುವುದಿಲ್ಲ, ಹಾಗಾಗಿ ನಡುವೆ 50 ಹರ್ಟ್ಸ್ ಕರೆಂಟು ಹರಿಯುತ್ತದೆ. ಹರಿಯುವ ದಾರಿ ಯಾವುದು? ನಾನು ದುಡ್ಡು ಸುರಿದು ತಂದ ಶೀಲ್ಡೇ! ಆರ್‌ಸಿಎ ಕೇಬಲ್ಲಿನಲ್ಲಿ ಹಾಡಿನ ಸಿಗ್ನಲ್ ವಾಪಸ್ ಹೋಗುವುದೂ ಅದೇ ಶೀಲ್ಡಿನಲ್ಲಿ. ಅದಕ್ಕೇ ಈ ಕರೆಂಟು ಹಾಡಿಗೆ ಬೆರೆತುಬಿಡುತ್ತದೆ. ದಪ್ಪ ಶೀಲ್ಡ್ ಅದನ್ನು ಕೊಂಚ ತಗ್ಗಿಸೀತು, ತಡೆಯಲಾರದು.

ಎಲೆಕ್ಟ್ರಿಷಿಯನ್ ಒಬ್ಬರು “ಅರ್ತ್ ಪಿನ್ ಮುರಿದುಬಿಡಿ ಸಾರ್” ಅಂದಿದ್ದರು. ದಯವಿಟ್ಟು ಬೇಡ. ಲೋಹದ ಪೆಟ್ಟಿಗೆಗೆ 230 ವೋಲ್ಟ್ ಸೋರಿದ ದಿನ ಮುಟ್ಟಿದವರೇ ಅರ್ತ್ ಆಗುತ್ತಾರೆ. ನಾನು ಆರ್‌ಸಿಎ ಲೈನಿನ ಮಧ್ಯೆ ಪುಟ್ಟ ಆಡಿಯೋ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ (ಎರಡು ಕಡೆಯ ತಂತಿ ಒಂದಕ್ಕೊಂದು ತಾಗದೆ ಹಾಡನ್ನಷ್ಟೇ ದಾಟಿಸುವ ಡಬ್ಬಿ) ಹಾಕಿದೆ, ಮನೆ ತಣ್ಣಗಾಯಿತು.

ಶೀಲ್ಡ್ ದಂಡ ಅಂತಲ್ಲ. ರೆಕಾರ್ಡ್ ಪ್ಲೇಯರಿನ ಮುಳ್ಳಿನಿಂದ ಬರುವುದು ಸುಮಾರು 5 ಮಿಲಿವೋಲ್ಟ್, ಅಲ್ಲಿ ಬೇಕೇಬೇಕು. ಸಿಡಿ ಪ್ಲೇಯರ್ 2 ವೋಲ್ಟ್ ಕೊಡುತ್ತದೆ, ಅದಕ್ಕೆ ಸಾಧಾರಣ ಶೀಲ್ಡ್ ಕೇಬಲ್ ಧಾರಾಳ. ಸ್ಪೀಕರ್ ವೈರಿಗೆ ಶೀಲ್ಡೇ ಬೇಡ. ಫ್ಯಾನ್ ರೆಗ್ಯುಲೇಟರ್ ತಿರುಗಿಸಿದಾಗ ಶಬ್ದದ ದನಿ ಬದಲಾದರೆ ವೈರನ್ನೂ ಅನುಮಾನಿಸಿ.

ನೀವು ಮೊದಲು ಒಂದೊಂದೇ ಕೇಬಲ್ ಕಿತ್ತು ನೋಡಿ, ವಾಲ್ಯೂಮ್ ಸೊನ್ನೆ ಮಾಡಿಯೇ ಕೀಳಿ, ಸಿಕ್ಕಿಸಿ. ಆರ್‌ಸಿಎ ಪ್ಲಗ್ಗಿನ ನಡುವಿನ ಪಿನ್ನು ಹೊರಗಿನ ಬಳೆಗಿಂತ ಮೊದಲು ತಾಗಿ ಢಬ್ ಅನ್ನುತ್ತದೆ. ನನ್ನ ಎಡಗಡೆ ಟ್ವೀಟರ್ (ತೀಕ್ಷ್ಣ ಸ್ವರದ ಪುಟ್ಟ ಸ್ಪೀಕರ್) ಹೋದದ್ದು ಹಾಗೆ.